ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ರೈತರಿಗೂ ರೈತ ಮಹಿಳೆಯರಿಗೂ ಮಾಡಿದ ಭಾಷಣದ ಪಠ್ಯ)



ಮನೆಗೆ ಗಾಳಿ ಬೆಳಕು ಚೆನ್ನಾಗಿರಬೇಕು, ಬಾಗಿಲು ಕಿಟಕಿ ತೆರೆದಿಡಬೇಕು ಎಂದು ವಿಸ್ತರಣಾ ಕಾರ್ಯಕರ್ತರೂ ಆರೋಗ್ಯ ಕಾರ್ಯಕರ್ತರೂ ಹಳ್ಳಿ ಹಳ್ಳಿಗೆ ಹೋಗಿ ಹೇಳುತ್ತಾ ಬಂದಿದ್ದಾರೆ. ಆ ಮಾತು ಈಗಲೂ ಸರಿಯೇ. ಆದರೆ ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಿ ಮನೆ ಇರುವವರು ಬೇರೆ ಪ್ರಶ್ನೆ ಕೇಳುತ್ತಾರೆ. ಕಿಟಕಿ ತೆರೆದರೆ ಅನ್ನದ ಮೇಲೆ ಕೆಂಪು ಧೂಳು, ಮುಚ್ಚಿದರೆ ಒಲೆಯ ಹೊಗೆ. ಇವೆರಡರಲ್ಲಿ ಯಾವುದನ್ನು ಸಹಿಸಬೇಕು? ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಎಲ್ಲ ಮನೆಗೂ ಎಲ್ಲ ಕಾಲಕ್ಕೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ಒಂದು ಕ್ರಮವಿದೆ. ಅದನ್ನು ತಮಗೆ ತಿಳಿಸುವುದೇ ಈ ಮಾತಿನ ಉದ್ದೇಶ.

ಆ ಕ್ರಮ ನಮ್ಮ ರೈತರಿಗೆ ಹೊಸದಲ್ಲ. ಹಿಂದೆ ನಮ್ಮ ಕಡೆ ಕಾಳು ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಒಳಗಿನ ಗಾಳಿ ಹೇಗಿದೆ, ಹೊರಗಿನ ಗಾಳಿ ಹೇಗಿದೆ ಎಂದು ಮೊದಲು ಹೋಲಿಸಿ ನೋಡುವುದು ಅದರ ತತ್ವ. ಮನೆಯ ಕಿಟಕಿಗೂ ಇದೇ ತತ್ವ. ಹೊರಗಿನ ಗಾಳಿ ಒಳಗಿನದಕ್ಕಿಂತ ಶುದ್ಧವಾಗಿದ್ದಾಗ ತೆರೆಯಬೇಕು. ಹೊರಗಿನದೇ ಹೆಚ್ಚು ಕೆಟ್ಟಿದ್ದಾಗ ಮುಚ್ಚಬೇಕು. ಒಂದು ವ್ಯತ್ಯಾಸವನ್ನು ನೆನಪಿಡಬೇಕು. ದೀಪ ತೋರಿಸುವುದು ಉಸಿರುಗಟ್ಟಿಸುವ ಗಾಳಿಯನ್ನು, ಧೂಳು ಹೊಗೆಯನ್ನಲ್ಲ. ಅವುಗಳಿಗೆ ಬೇರೆ ಪರೀಕ್ಷೆ ಬೇಕು.

ಧೂಳು ಬೇರೆ, ಹೊಗೆ ಬೇರೆ

ಗಾಳಿಯಲ್ಲಿ ತೇಲುವ ಕಣಗಳನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಪಿ.ಎಂ. 10 ಎಂದೂ, ಎರಡೂವರೆ ಮೈಕ್ರಾನಿಗಿಂತ ಸಣ್ಣವನ್ನು ಪಿ.ಎಂ. 2.5 ಎಂದೂ ಕರೆಯುತ್ತಾರೆ.

ರಸ್ತೆಯ ಮಣ್ಣು, ಕಣದ ಹೊಟ್ಟು, ಕಲ್ಲುಪುಡಿ, ಅದಿರಿನ ಪುಡಿ ಇವುಗಳಲ್ಲಿ ದಪ್ಪ ಕಣಗಳೇ ಹೆಚ್ಚು. ಇವು ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಕುಳಿತು ಕೆಮ್ಮು, ನೆಗಡಿ, ಉಬ್ಬಸವನ್ನು ಕೆರಳಿಸುತ್ತವೆ. ಸೌದೆ, ಸೆಗಣಿ ಬೆರಣಿ, ಕಸಕಡ್ಡಿ, ಡೀಸೆಲ್ ಇವುಗಳ ಹೊಗೆಯ ಕಣಗಳು ಬಹಳ ಸಣ್ಣವು. ಶ್ವಾಸಕೋಶದ ಆಳಕ್ಕೆ ಇಳಿಯುವುದಲ್ಲದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಮಕ್ಕಳಿಗೆ ನ್ಯುಮೋನಿಯ, ದೊಡ್ಡವರಿಗೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ಇವುಗಳಿಗೆ ಈ ಹೊಗೆ ಕಾರಣವಾಗುತ್ತದೆ. ಹೊರಗಿನ ಮಲಿನ ಗಾಳಿ ಮತ್ತು ಮನೆಯೊಳಗಿನ ಹೊಗೆ ಎರಡೂ ಸೇರಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 67 ಲಕ್ಷ ಅಕಾಲ ಮರಣಗಳಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇವೆರಡರ ಸ್ವಭಾವದಲ್ಲಿರುವ ಇನ್ನೊಂದು ಭೇದ ನಮಗೆ ಉಪಯೋಗಕ್ಕೆ ಬರುತ್ತದೆ. ಹತ್ತು ಮೈಕ್ರಾನಿನ ಮಣ್ಣಿನ ಕಣ ಅಲುಗದ ಗಾಳಿಯಲ್ಲಿ ಎದೆಮಟ್ಟದಿಂದ ನೆಲಕ್ಕೆ ಬೀಳಲು ಕೆಲವೇ ನಿಮಿಷ ಸಾಕು. ಹೊಗೆಯ ಕಣ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೇಲುತ್ತಲೇ ಇರುತ್ತದೆ. ಆದ್ದರಿಂದ ಲಾರಿ ಹೋದ ಮೇಲೆ ಧೂಳು ತಾನಾಗಿ ಅಡಗುತ್ತದೆ. ಹೊಗೆಯನ್ನು ಗಾಳಿಯೇ ಹೊರಗೆ ಸಾಗಿಸಬೇಕು. ಒದ್ದೆ ಪರದೆ ಧೂಳನ್ನು ಸ್ವಲ್ಪಮಟ್ಟಿಗೆ ಹಿಡಿಯುತ್ತದೆ, ಹೊಗೆಯನ್ನು ಹಿಡಿಯಲಾರದು. ಬಾಯಿಗೆ ಕಟ್ಟಿದ ಟವೆಲ್ಲಿನ ಕಥೆಯೂ ಇಷ್ಟೇ.

ಕಣ್ಣಿಗೆ ಕಾಣುವುದೇ ಹೆಚ್ಚು ಅಪಾಯಕರ ಎಂದು ತಿಳಿಯುವುದು ಸಹಜ. ಬಿಸಿಲುಕೋಲಿನಲ್ಲಿ ಕುಣಿಯುವ ಧೂಳು ಕಾಣುತ್ತದೆ, ಅನ್ನದ ಮೇಲೆ ಬಿದ್ದ ಕೆಂಪು ಕಾಣುತ್ತದೆ. ಹೊಗೆಯ ಕಣ ಕಾಣುವುದಿಲ್ಲ. ಹಾಗಾಗಿ ಕಂಡ ಧೂಳಿಗೆ ಹೆದರಿ ಕಿಟಕಿ ಮುಚ್ಚಿ, ಕಾಣದ ಹೊಗೆಯ ನಡುವೆ ಕೂರುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಇದನ್ನು ಮೊದಲು ತಿದ್ದಿಕೊಳ್ಳಬೇಕು.

ಒಲೆ ಉರಿಯುವಾಗ

ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ, ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿ ಪಿ.ಎಂ. 2.5 60 ಮೈಕ್ರೋಗ್ರಾಂ ಮೀರಬಾರದು, ಪಿ.ಎಂ. 10 100 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಬಿಗಿ: ಕ್ರಮವಾಗಿ 15 ಮತ್ತು 45. ಹೊಗೆ ಕೊಳವೆಯಿಲ್ಲದ ಅಡಿಗೆಮನೆಯಲ್ಲಿ ಸೌದೆ ಒಲೆ ಉರಿಯುವಾಗ ಪಿ.ಎಂ. 2.5 ನೂರಾರು ಮೈಕ್ರೋಗ್ರಾಮಿಗೆ ಏರುವುದು ಸಾಮಾನ್ಯ. ಸಾವಿರ ದಾಟುವುದೂ ಉಂಟು. ಲಾರಿ ಓಡಾಡುವ ರಸ್ತೆಯ ಬದಿಯಲ್ಲೂ ಇಷ್ಟು ಸಣ್ಣ ಹೊಗೆಕಣ ಒಂದೇ ಸಮನೆ ಇರುವುದು ಅಪರೂಪ.

ಇದರಿಂದ ತಿಳಿಯುವುದೇನೆಂದರೆ, ಮನೆಯೊಳಗೆ ಸೌದೆ ಉರಿಯುತ್ತಿರುವಷ್ಟು ಹೊತ್ತು, ಹೊರಗೆ ಧೂಳಿದ್ದರೂ, ಅಡಿಗೆಮನೆಯ ಕಿಟಕಿ, ಬೆಳಕಿಂಡಿಗಳನ್ನು ಮುಚ್ಚಬಾರದು. ರಸ್ತೆಯ ಕಡೆಯ ಕಿಟಕಿ ಮುಚ್ಚಿ. ಹಿತ್ತಿಲ ಕಡೆಯದನ್ನೂ ಮೇಲಿನ ಬೆಳಕಿಂಡಿಯನ್ನೂ ತೆರೆದಿಡಿ. ಅಡಿಗೆಮನೆಯಿಂದ ಮಲಗುವ ಕೋಣೆಗೆ ಹೋಗುವ ಬಾಗಿಲನ್ನು ಎಳೆದುಕೊಳ್ಳಿ. ಅಡಿಗೆ ಪಾತ್ರೆಗಳಿಗೆ ತಟ್ಟೆ ಮುಚ್ಚಿ. ಒಲೆ ಆರಿದ ಮೇಲೂ ಅರ್ಧ ಗಂಟೆ ಗಾಳಿಯಾಡಲಿ. ಕೆಂಡ ಆರುವಾಗಲೂ ವಿಷದ ಗಾಳಿ ಬರುತ್ತದೆ.

ನಮ್ಮ ಮಾಳಿಗೆ ಮನೆ ಕಟ್ಟಿಸಿದ ಹಿರಿಯರು ಸೂರಿನಲ್ಲಿ ಬೆಳಕಿಂಡಿ ಬಿಟ್ಟದ್ದು ಬೆಳಕಿಗೆ ಮಾತ್ರವಲ್ಲ. ಬಿಸಿ ಹೊಗೆ ಮೇಲೇರಿ ಅಲ್ಲಿಂದ ಹೋಗುತ್ತದೆ. ಮಾಳಿಗೆ ತೆಗೆದು ಆರ್.ಸಿ.ಸಿ. ಹಾಕಿಸುವಾಗ ಆ ಕಿಂಡಿ ಎಷ್ಟೋ ಮನೆಗಳಲ್ಲಿ ಇಲ್ಲವಾಗಿದೆ. ಹೊಸ ಮನೆ ಕಟ್ಟಿಸುವವರು ಅಡಿಗೆಮನೆಯ ಗೋಡೆಯಲ್ಲಿ ಸೂರಿನ ಹತ್ತಿರವೇ, ಗಾಳಿ ಬೀಸುವ ದಿಕ್ಕಿಗೆ ಹಿಂಬದಿಯಲ್ಲಿ, ಒಂದು ಕಿಂಡಿ ಬಿಡಿಸಿರಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ನಮ್ಮ ಹಳ್ಳಿಗಳಿಗೂ ಬಂದಿತು. ಅಂಥ ಒಲೆ ಇರುವವರು ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು. ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮನೆಯೊಳಕ್ಕೇ ತಿರುಗಿಸುತ್ತದೆ. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಅಡಿಗೆ ಅನಿಲ ಬಂದಿದೆ. ಆದರೂ ಸ್ನಾನದ ನೀರಿನ ಹಂಡೆಗೆ, ಮುದ್ದೆ ರೊಟ್ಟಿಗೆ ಸೌದೆ ಒಲೆಯನ್ನೇ ಹಚ್ಚುವವರಿದ್ದಾರೆ. ಹಂಡೆ ಒಲೆಯನ್ನಾದರೂ ಮನೆಯಿಂದ ಹೊರಗೆ, ಹಿತ್ತಿಲಿಗೆ ಸಾಗಿಸಿದರೆ ಅರ್ಧ ತೊಂದರೆ ತಪ್ಪೀತು.

ಹೊತ್ತು ಮತ್ತು ಕಾಲ

ಈಗ ಹೊರಗಿನ ಗಾಳಿಯ ವಿಚಾರ. ನಮ್ಮದು ಮಧ್ಯ ಒಣವಲಯ. ವರ್ಷದ ಬಹುಭಾಗ ನೆಲ ಒಣಗಿರುತ್ತದೆ, ಗಾಳಿ ಜೋರು. ಹೊರಗಿನ ಗಾಳಿ ದಿನವಿಡೀ ಒಂದೇ ರೀತಿ ಇರುವುದಿಲ್ಲ.

ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ಊರಿನ ಒಲೆಗಳ ಹೊಗೆ, ಬೆಂಕಿ ಕಾಯಿಸುವ ಹೊಗೆ, ವಾಹನಗಳ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಬೀಳುತ್ತವೆ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಒಡೆದು ಹೊಗೆ ಮೇಲಕ್ಕೆ ಹರಡಿಹೋಗುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ನಸುಕಿನ ಗಾಳಿ ತಂಪಾಗಿದ್ದರೂ ಶುದ್ಧವೆಂದು ನಂಬಬಾರದು. ಆ ತಿಂಗಳುಗಳಲ್ಲಿ ಒಳಗೆ ಒಲೆ ಉರಿಯದಿದ್ದರೆ, ಬಿಸಿಲೇರಿದ ಮೇಲೆ, ಸುಮಾರು ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ಮನೆಯನ್ನು ಗಾಳಿಗೆ ತೆರೆಯುವುದು ಒಳ್ಳೆಯದು.

ಮಾರ್ಚಿಯಿಂದ ಮೇವರೆಗೆ ಲೆಕ್ಕ ತಿರುಗುಮುರುಗಾಗುತ್ತದೆ. ಮಧ್ಯಾಹ್ನದ ಸುಂಟರಗಾಳಿ ಉಳುಮೆ ಮಾಡಿದ ಹೊಲದ ಮಣ್ಣನ್ನು ಎಬ್ಬಿಸುತ್ತದೆ. ಆಗ ಬೆಳಿಗ್ಗೆ ಬಿಸಿಲು ಬಂದು ಒಂದೆರಡು ಗಂಟೆಯೂ, ಸಂಜೆ ಗಾಳಿ ಇಳಿದ ಮೇಲೆಯೂ ತೆರೆದು, ನಡುಹಗಲು ಗಾಳಿ ಬೀಸುವ ದಿಕ್ಕಿನ ಕಿಟಕಿಯನ್ನು ಮಾತ್ರ ಮುಚ್ಚಬೇಕು. ಜೂನಿನಿಂದ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಜೋಗಿಮಟ್ಟಿಯ ಸುತ್ತಲ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಮಳೆ ತಡವಾದ ವರ್ಷ ಈ ಗಾಳಿ ಹೊಲದ ಮಣ್ಣನ್ನು ಹೊತ್ತು ತರುತ್ತದೆ. ಆಗ ಪಡುವಣ ಕಿಟಕಿ ಮುಚ್ಚಿ, ಮೂಡಣದ್ದನ್ನು ತೆರೆದಿಡಿ. ಒಂದು ಹದ ಮಳೆ ಬಿದ್ದು ನಿಂತ ನಂತರದ ಹೊತ್ತು ವರ್ಷದಲ್ಲೇ ಶ್ರೇಷ್ಠ. ಆಗ ಎಲ್ಲ ಕಿಟಕಿ ಬಾಗಿಲುಗಳನ್ನು ತೆರೆದು ಹಾಸಿಗೆ ಹೊದಿಕೆಗಳಿಗೂ ಗಾಳಿಯಾಡಿಸಿರಿ.

ತೆರೆಯುವುದೆಂದರೆ ದಿನವಿಡೀ ತೆರೆದೇ ಇಡಬೇಕೆಂದಲ್ಲ. ಎದುರುಬದುರು ಕಿಟಕಿ ಬಾಗಿಲು ತೆರೆದರೆ, ಸಾಧಾರಣ ಗಾಳಿಯಿರುವಾಗ, ಹತ್ತು ಹದಿನೈದು ನಿಮಿಷಗಳಲ್ಲಿ ಕೋಣೆಯ ಗಾಳಿ ಬಹುಮಟ್ಟಿಗೆ ಬದಲಾಗುತ್ತದೆ. ಒಂದೇ ಕಿಟಕಿಯನ್ನು ಅರ್ಧ ದಿನ ತೆರೆದಿಡುವುದಕ್ಕಿಂತ ಇದು ಮೇಲು.

ಊರಿಗೆ ತಕ್ಕ ಲೆಕ್ಕ

ನಾಲ್ಕು ತಾಲ್ಲೂಕಿನಲ್ಲೂ ತೊಂದರೆ ಒಂದೇ ಬಗೆಯದಲ್ಲ. ಹಿರಿಯೂರು ಮತ್ತು ಚಿತ್ರದುರ್ಗದ ಮೂಲಕ ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಹೆದ್ದಾರಿಯ ಪಕ್ಕದ ಮನೆಗಳಿಗೆ ಡೀಸೆಲ್ ಹೊಗೆಯೇ ಮುಖ್ಯ ತೊಂದರೆ. ಲಾರಿಗಳು ರಾತ್ರಿಯೂ ಓಡುವುದರಿಂದ ಹೆದ್ದಾರಿ ಕಡೆಯ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಕಲ್ಲು ಕ್ವಾರಿ, ಕ್ರಷರುಗಳ ಬಳಿಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ಅಲ್ಲಿ ದುಡಿಯುವವರು ಕೆಲಸದ ಬಟ್ಟೆಯನ್ನು ಮನೆಯ ಹೊರಗೇ ಕಳಚಿ, ಒದರದೆ ನೀರಿನಲ್ಲಿ ನೆನೆಸಬೇಕು.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಸುತ್ತಮುತ್ತ, ಹೊಳಲ್ಕೆರೆ, ಹೊಸದುರ್ಗದ ಕಡೆ ಕಬ್ಬಿಣದ ಅದಿರಿನ ವಿಷಯ. ಅಡಿಕೆ ಗರಿಯ ಮೇಲೆ, ಮನೆಯ ಹೆಂಚಿನ ಮೇಲೆ ಕೆಂಪು ಧೂಳು ಕೂರುತ್ತದೆಂಬ ರೈತರ ದೂರು ಹಳೆಯದು. 2011ರಲ್ಲಿ ಸುಪ್ರೀಂ ಕೋರ್ಟು ಮೊದಲು ಬಳ್ಳಾರಿ, ನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ ಮತ್ತೆ ಅನುಮತಿ ದೊರೆಯಿತು. 2022ರ ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ವಾರ್ಷಿಕ ಮಿತಿಯನ್ನು 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿಸಲಾಯಿತು. ಅದಿರು ಹೆಚ್ಚಾದಂತೆ ಅದನ್ನು ಸಾಗಿಸುವ ಓಡಾಟವೂ ಹೆಚ್ಚುವುದು ಸಹಜ. ಇಂಥ ರಸ್ತೆಯ ಊರುಗಳಲ್ಲಿ ಗಡಿಯಾರಕ್ಕಿಂತ ಲಾರಿಗಳ ಓಡಾಟದ ವೇಳೆಯನ್ನು ನೋಡಿ ಕಿಟಕಿ ತೆರೆಯಬೇಕು. ಲಾರಿಗಳ ಸಾಲು ನಿಂತ ಮೇಲೆ ಕಾಲು ಗಂಟೆ ಬಿಟ್ಟು ತೆರೆದರೆ ದಪ್ಪ ಧೂಳು ಅಡಗಿರುತ್ತದೆ.

ಅಡಿಕೆ ಊರುಗಳಲ್ಲಿ ಇನ್ನೊಂದು ಹೊಗೆ ನಾವೇ ಎಬ್ಬಿಸುವುದು. ಸುಲಿದ ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿ ಇಟ್ಟರೆ ಅದು ದಿನಗಟ್ಟಲೆ ಉರಿಯದೆ ಹೊಗೆಯಾಡುತ್ತದೆ. ರಾತ್ರಿ ಆ ಹೊಗೆ ಊರ ಮೇಲೇ ಮಲಗುತ್ತದೆ. ಆಗ ಊರಿನ ಯಾವ ಮನೆಗೂ ಕಿಟಕಿ ತೆರೆಯುವ ಒಳ್ಳೆಯ ಹೊತ್ತು ಉಳಿಯುವುದಿಲ್ಲ. ಸಿಪ್ಪೆ ಬೇಗ ಕೊಳೆಯುವುದಿಲ್ಲ, ನಿಜ. ಆದರೆ ಗುಂಡಿಯಲ್ಲಿ ಹಸಿರು ಸೊಪ್ಪು, ಸೆಗಣಿ ಬಗ್ಗಡದೊಡನೆ ಪದರ ಪದರವಾಗಿ ಹಾಕಿ ತೇವ ಕಾಯ್ದರೆ ಗೊಬ್ಬರವಾಗುತ್ತದೆ. ತೋಟದ ಬುಡಕ್ಕೆ ಹೊದಿಕೆಯಾಗಿಯೂ ಹಾಸಬಹುದು. ಮೆಕ್ಕೆಜೋಳದ ದಂಟನ್ನೂ ಸುಡದೆ ಕತ್ತರಿಸಿ ಮಣ್ಣಿಗೆ ಸೇರಿಸಿರಿ.

ಯಂತ್ರವಿಲ್ಲದೆ ಪರೀಕ್ಷೆ

ಮನೆ ಮನೆಯಲ್ಲೂ ಗಾಳಿ ಅಳೆಯುವ ಯಂತ್ರವಿರುವುದಿಲ್ಲ. ಆದರೆ ಈ ನಾಲ್ಕನ್ನು ಯಾರಾದರೂ ನೋಡಬಹುದು.

1. ದೂರದ ಬೆಟ್ಟ: ದಿನವೂ ಕಾಣುವ ಬೆಟ್ಟದ ಅಂಚು ಮಬ್ಬಾಗಿದ್ದರೆ ಗಾಳಿಯಲ್ಲಿ ಕಣಗಳು ಹೆಚ್ಚಿರಬಹುದು. ಮಂಜು ಬಿಸಿಲಿಗೆ ಕರಗುತ್ತದೆ. ಬಿಸಿಲೇರಿದರೂ ಮಬ್ಬು ಹೋಗದಿದ್ದರೆ ಅದು ಹೊಗೆ ಅಥವಾ ಧೂಳು.

2. ಊರಿನ ಹೊಗೆ: ಒಲೆಯ ಹೊಗೆ ಸ್ವಲ್ಪ ಮೇಲೇರಿ ಚಪ್ಪರದಂತೆ ಅಡ್ಡಕ್ಕೆ ಹರಡಿದರೆ ಮೇಲೆ ಮುಚ್ಚಳ ಬಿದ್ದಿದೆ ಎಂದರ್ಥ, ಕಾಯಬೇಕು. ಚದುರಿ ಮೇಲೆ ಹೋದರೆ ತೆರೆಯಬಹುದು.

3. ತಟ್ಟೆ: ಒರೆಸಿದ ಎರಡು ಸ್ಟೀಲ್ ತಟ್ಟೆಗಳಿಗೆ ತೆಳುವಾಗಿ ಎಣ್ಣೆ ಸವರಿ, ಒಂದನ್ನು ರಸ್ತೆ ಕಡೆಯ ಕಿಟಕಿಯಲ್ಲೂ ಇನ್ನೊಂದನ್ನು ಹಿತ್ತಿಲ ಕಿಟಕಿಯಲ್ಲೂ ಇಡಿ. ಬೆಳಗಿನ ಹೊತ್ತು, ಮಧ್ಯಾಹ್ನ, ಸಂಜೆ ಬೇರೆ ಬೇರೆಯಾಗಿ ಇಟ್ಟು ನೋಡಿದರೆ ಯಾವ ಕಿಟಕಿಗೆ ಯಾವ ಹೊತ್ತಿನಲ್ಲಿ ಧೂಳು ಹೆಚ್ಚು ಎಂಬುದು ಒಂದು ವಾರದಲ್ಲಿ ತಿಳಿಯುತ್ತದೆ. ಇದು ದಪ್ಪ ಧೂಳಿಗೆ ಮಾತ್ರ, ಹೊಗೆಯನ್ನು ತೋರಿಸದು.

4. ಮೂಗು: ಹೊರಗಿನಿಂದ ಒಳಗೆ ಬಂದ ಕೂಡಲೇ ಹೊಗೆ ವಾಸನೆ ಬಂದರೆ ಒಳಗಿನದೇ ಕೆಟ್ಟ ಗಾಳಿ. ಒಳಗೇ ಕುಳಿತವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಹೊರಗಿನಿಂದ ಬಂದವರ ಮಾತನ್ನು ನಂಬಿರಿ.

ಧೂಳಿದ್ದರೂ ಮುಚ್ಚಬಾರದ ಸಂದರ್ಭಗಳು

ಒಂದು, ಮನೆಯಲ್ಲಿ ಕ್ಷಯರೋಗಿ ಇದ್ದಾಗ. ಕ್ಷಯ ಹರಡುವುದು ಗಾಳಿಯಾಡದ ಕೋಣೆಯಲ್ಲಿ. ರೋಗಿಯ ಕೋಣೆಗೆ ಧೂಳಿಲ್ಲದ ಬದಿಯ ಕಿಟಕಿ ಸದಾ ತೆರೆದಿರಲಿ. ಔಷಧಿಯನ್ನು ಮಧ್ಯದಲ್ಲಿ ಬಿಡಬಾರದು. ಎರಡು, ಚಳಿಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಾಗ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಬಾಣಂತಿ ಕೋಣೆಯಲ್ಲಿ ಇದು ಮುಖ್ಯ. ಮಗುವಿಗೆ ಬೆಚ್ಚನೆ ಹೊದಿಕೆ ಬೇಕು, ಕೆಂಡದ ಹೊಗೆ ಬೇಡ. ಮೂರು, ಸೊಳ್ಳೆ ಬತ್ತಿ ಹಚ್ಚಿದಾಗ. ಅದರ ಹೊಗೆಯೂ ಸಣ್ಣ ಕಣಗಳದ್ದೇ. ಮುಚ್ಚಿದ ಕೋಣೆಯಲ್ಲಿ ಬತ್ತಿಗಿಂತ ಸೊಳ್ಳೆ ಪರದೆ ಮೇಲು. ಪರದೆಯೊಳಗೆ ಮಲಗಿದರೆ ಕಿಟಕಿಯನ್ನೂ ತೆರೆಯಬಹುದು. ಕಾಳಿಗೆ ಹಾಕುವ ವಿಷದ ಮಾತ್ರೆಯನ್ನಂತೂ ವಾಸದ ಮನೆಯಲ್ಲಿ ಬಳಸಲೇಬಾರದು. ಕಿಟಕಿ ತೆರೆದರೂ ಅದರಿಂದ ರಕ್ಷಣೆಯಿಲ್ಲ.

ಧೂಳನ್ನು ಮೂಲದಲ್ಲೇ ತಡೆಯುವುದು

ಅಂಗಳವನ್ನು ಒಣಗಸ ಗುಡಿಸಬೇಡಿ. ನೀರು ಚಿಮುಕಿಸಿ ಗುಡಿಸುವ, ಸೆಗಣಿ ಹಾಕಿ ಸಾರಿಸುವ ಪದ್ಧತಿ ಧೂಳು ಹಿಡಿಯುವ ಒಳ್ಳೆಯ ಉಪಾಯ. ಒಕ್ಕಣೆ ಯಂತ್ರವನ್ನು ಮನೆಯ ಗಾಳಿಯ ಕೆಳಬದಿಗೆ ನಿಲ್ಲಿಸಿ. ರಸ್ತೆ ಬದಿಗೆ ಹೊಂಗೆ, ಬೇವು ಮರಗಳ ಸಾಲೂ, ಅದರ ಕೆಳಗೆ ದಟ್ಟವಾದ ಪೊದೆ ಬೇಲಿಯೂ ಇದ್ದರೆ ದಪ್ಪ ಧೂಳು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಆದರೆ ಎಲ್ಲ ಭಾರವನ್ನೂ ಮನೆಯವರ ಮೇಲೆ ಹಾಕುವುದು ನ್ಯಾಯವಲ್ಲ. ಅದಿರು, ಜಲ್ಲಿ ಸಾಗಿಸುವ ಲಾರಿಗೆ ಟಾರ್ಪಾಲು ಮುಚ್ಚುವುದು, ರಸ್ತೆಗೆ ನೀರು ಹಾಕುವುದು ಗಣಿಯವರೂ ಸಾಗಣೆದಾರರೂ ಪಾಲಿಸಬೇಕಾದ ಹೊಣೆ. ತಪ್ಪಿದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದಿನ, ಹೊತ್ತು, ಸ್ಥಳ ನಮೂದಿಸಿ ಬರೆಯಿರಿ. 2015ರ ಗಣಿ ಕಾಯಿದೆಯ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಗಣಿಬಾಧಿತ ಊರುಗಳಿಗೆ ಬಳಸಬೇಕು. ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ, ಆರೋಗ್ಯ ಇವು ಅದರಲ್ಲಿ ಆದ್ಯತೆಯ ಬಾಬುಗಳು. ಗ್ರಾಮಸಭೆಯಲ್ಲಿ ಕೇಳಿ ಠರಾವು ಬರೆಸಿರಿ. ನಿಮ್ಮ ತಟ್ಟೆ ಪರೀಕ್ಷೆಯ ಒಂದು ತಿಂಗಳ ಟಿಪ್ಪಣಿ ಅಲ್ಲಿ ಉಪಯೋಗಕ್ಕೆ ಬಂದೀತು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಈ ವಿಷಯವನ್ನು ಗಂಡಸರ ಸಭೆಯಲ್ಲಿ ಮಾತ್ರ ಹೇಳಿ ಮುಗಿಸಬೇಡಿ. ಹೆಚ್ಚು ಹೊಗೆ ಕುಡಿಯುವವರು ಒಲೆಯ ಮುಂದಿನ ತಾಯಂದಿರು ಮತ್ತು ಅವರ ಸೊಂಟದ ಮೇಲಿನ ಕೂಸು. ಅವರ ಅಡಿಗೆಮನೆಯಲ್ಲೇ ನಿಂತು ಯಾವ ಕಿಂಡಿ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಜೊತೆಗೂಡಿ ಗೊತ್ತುಮಾಡಿ.

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ಕಣದಲ್ಲಿ ಗಾಳಿಯ ದಿಕ್ಕು, ಬಲ, ಹೊತ್ತು ನೋಡದೆ ಯಾವ ರೈತನೂ ಮೊರ ಎತ್ತುವುದಿಲ್ಲ. ಕಾಳಿಗೆ ತೋರಿಸುವ ಅಷ್ಟೇ ಎಚ್ಚರವನ್ನು ಮನೆಯ ಮಕ್ಕಳ ಉಸಿರಿಗೂ ತೋರಿಸಿರಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.